ಒಂದು ಅಂಕದ ಅಂತರ

ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ ಸೀಮೆಯಲ್ಲಿ 1930ರ ದಶಕದಲ್ಲಿ ವಿ.ವಿ. ಕಾಮತ್ ಮಾಡಿದ ಕೆಲಸಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ. ಬಿನೆ ಮತ್ತು ಸಿಮೋನ್ 1905ರಲ್ಲಿ ಪ್ಯಾರಿಸ್ಸಿನ ಶಾಲಾ ಮಕ್ಕಳಿಗಾಗಿ ರೂಪಿಸಿ, ಟರ್ಮನ್ 1916ರಲ್ಲಿ ಅಮೆರಿಕಕ್ಕೆ ಹೊಂದಿಸಿದ ಬುದ್ಧಿಮಾಪನವನ್ನು ಅವರು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದರು. ಪ್ರಶ್ನೆಗಳನ್ನು ಭಾಷಾಂತರಿಸಿ ಕೈತೊಳೆದುಕೊಳ್ಳದೆ, ಯಾವ ಪ್ರಶ್ನೆ ಎಷ್ಟು ವಯಸ್ಸಿಗೆ ತಕ್ಕದ್ದೆಂಬುದನ್ನು ಇಲ್ಲಿನ ಮಕ್ಕಳನ್ನೇ ಕೇಳಿ ಗೊತ್ತುಮಾಡಿದರು. ಬೌದ್ಧಿಕ ಅಸಾಮರ್ಥ್ಯದ ಸಂಶೋಧನೆಗೆ ಇಂಥ ಸ್ಥಳೀಯ ಅಳತೆಗೋಲೇ ತಳಪಾಯ. ಆದರೆ ಆ ಬಿನೆ-ಕಾಮತ್ ಪರೀಕ್ಷೆ, 1967ರ ಆವೃತ್ತಿಯ ರೂಪದಲ್ಲಿ, ಇವತ್ತಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಇದು ಕಾಮತರ ಹೆಗ್ಗಳಿಕೆಗಿಂತ ಹೆಚ್ಚಾಗಿ ನಂತರದವರ ಆಲಸ್ಯಕ್ಕೆ ಸಾಕ್ಷಿ.

ಹಳೆಯದಾದರೇನು, ಬುದ್ಧಿ ಬುದ್ಧಿಯೇ ತಾನೇ ಎಂದು ಯಾರಾದರೂ ಕೇಳಬಹುದು. ಐಕ್ಯೂ ಹೇಳುವುದು ಅದೇ ವಯಸ್ಸಿನ ಉಳಿದ ಮಕ್ಕಳ ಸಾಲಿನಲ್ಲಿ ಈ ಮಗು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಾತ್ರ, ಮತ್ತು ಆ ಸಾಲು ಬದಲಾಗುತ್ತಿರುತ್ತದೆ. 1932ರಿಂದ 1978ರ ನಡುವೆ ಅಮೆರಿಕನ್ನರ ಸರಾಸರಿ ಸುಮಾರು 14 ಅಂಕ ಏರಿತ್ತೆಂದು ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿಕೊಟ್ಟರು. ಶಾಲೆ, ಊಟ, ಆರೋಗ್ಯ ಸುಧಾರಿಸಿದ ನಮ್ಮಲ್ಲೂ ಸರಾಸರಿ ಅಜ್ಜಂದಿರ ಕಾಲದಲ್ಲೇ ನಿಂತಿರಲಾರದು. ಅಂದಿನವರ ಜೊತೆ ಹೋಲಿಸಿದರೆ ಇಂದಿನ ಮಗುವಿನ ಅಂಕ ಇರುವುದಕ್ಕಿಂತ ಮೇಲೆ ಕಾಣುತ್ತದೆ. ನೆರವು ಬೇಕಾದ ಮಗುವೇ ‘ಪರವಾಗಿಲ್ಲ’ ಅನ್ನಿಸಿಕೊಂಡು ಹೊರಗುಳಿಯುತ್ತದೆ. ಪರೀಕ್ಷೆಗಳು ಬಡಮಕ್ಕಳಿಗೆ ಸುಮ್ಮನೆ ಹಣೆಪಟ್ಟಿ ಹಚ್ಚುತ್ತವೆ ಎಂಬ ತದ್ವಿರುದ್ಧ ದೂರೂ ಸುಳ್ಳಲ್ಲ. ಮನೆಯಲ್ಲಿ ಲಂಬಾಣಿ ಆಡುವ ಮಗುವನ್ನು ಪುಸ್ತಕದ ಕನ್ನಡದಲ್ಲಿ ಕೇಳಿದರೆ ಅಂಕ ಇಳಿಯದೆ ಇನ್ನೇನಾಗುತ್ತದೆ? ತಪ್ಪು ಎರಡೂ ಕಡೆಗೆ ವಾಲಬಹುದು. ಯಾವ ಮಗುವಿನ ವಿಷಯದಲ್ಲಿ ಎತ್ತ ವಾಲಿದೆ ಎಂದು ಹೇಳಲಾಗದಿರುವುದೇ ದೊಡ್ಡ ತೊಂದರೆ.

ಐಕ್ಯೂ ಒಂದನ್ನೇ ನಂಬಬಾರದೆಂಬ ತಿಳಿವೂ ಹಳೆಯದೇ. ಮನಶ್ಶಾಸ್ತ್ರಜ್ಞ ಗೊಡ್ಡಾರ್ಡ್ 1912ರಲ್ಲಿ ಮಂದಬುದ್ಧಿ ವಂಶದಲ್ಲೇ ಹರಿದುಬರುತ್ತದೆಂದು ವಾದಿಸಿದ್ದು ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಸಂಸ್ಥೆಯಲ್ಲಿದ್ದುಕೊಂಡು. ಆದರೆ ಅದೇ ಸಂಸ್ಥೆಯಲ್ಲಿ ಎಡ್ಗರ್ ಡಾಲ್ 1935ರಲ್ಲಿ ನಿತ್ಯದ ಬದುಕನ್ನು ಅಳೆಯುವ ಮಾಪನ ತಂದರು. ಮಗು ತಾನೇ ಸ್ನಾನ ಮಾಡುತ್ತದೆಯೇ, ಒಂಟಿಯಾಗಿ ಶಾಲೆಗೆ ಹೋಗುತ್ತದೆಯೇ, ಸಾಂಟಾ ಕ್ಲಾಸ್ ನಿಜವಲ್ಲವೆಂದು ಅದಕ್ಕೆ ಗೊತ್ತೇ (!) ಎಂದೆಲ್ಲ ಅದು ವಿಚಾರಿಸುತ್ತಿತ್ತು. ನಾಗಪುರದ ಎ.ಜೆ. ಮಾಲಿನ್ ಇದನ್ನು ಭಾರತಕ್ಕೆ ಹೊಂದಿಸಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ 2018ರಲ್ಲಿ ಬಂದ ಮಾರ್ಗಸೂಚಿ ಅಂಗವೈಕಲ್ಯದ ಪ್ರಮಾಣವನ್ನು ಈ ಮಾಪನದ ಅಂಕಕ್ಕೇ ಕಟ್ಟಿಹಾಕಿತು: 55ರಿಂದ 69 ಬಂದರೆ ಶೇ 50, 70ರಿಂದ 84 ಬಂದರೆ ಶೇ 25. ನಿತ್ಯದ ಬದುಕಿನಲ್ಲಿ ಮಗು ಯಾವ ವಯಸ್ಸಿನ ಮಟ್ಟದಲ್ಲಿದೆಯೋ ಆ ‘ಸಾಮಾಜಿಕ ವಯಸ್ಸು’ ಅದರ ನಿಜ ವಯಸ್ಸಿನ ಶೇಕಡಾ ಎಷ್ಟೆಂಬುದೇ ಈ ಅಂಕ. ಹತ್ತು ವರ್ಷದ ಮಗುವಿನ ಸಾಮಾಜಿಕ ವಯಸ್ಸು ಆರು ವರ್ಷ ಹನ್ನೊಂದು ತಿಂಗಳಾದರೆ 69, ಏಳು ತುಂಬಿದರೆ 70. ಆ ಮಾರ್ಗಸೂಚಿಯಡಿ ಆ ಒಂದು ತಿಂಗಳಿಗೆ ಮಗು ಸೌಲಭ್ಯಗಳಿಗೆ ಬೇಕಾದ ಶೇ 40ರ ಗೆರೆಯಿಂದ ಕೆಳಗಿಳಿದು, ಮೀಸಲಾತಿಯಂಥದ್ದನ್ನು ಕಳೆದುಕೊಳ್ಳುತ್ತಿತ್ತು. ಈ ಅಂಕವಾದರೂ ಬರುವುದು ಹೆಚ್ಚಾಗಿ ತಾಯಿ ಕೊಟ್ಟ ಉತ್ತರಗಳಿಂದ. ಅಮೆರಿಕದ ಮನೋವೈದ್ಯರ 2013ರ ಕೈಪಿಡಿ ಐಕ್ಯೂ ವಿಷಯದಲ್ಲೇ 70ರ ಆಚೀಚೆ 5 ಅಂಕದ ತಪ್ಪಿಗೆ ಜಾಗ ಬಿಟ್ಟಿದೆ.

ನುರಿತ ಮನಶ್ಶಾಸ್ತ್ರಜ್ಞರು ಅಂಕವನ್ನಷ್ಟೇ ನೋಡುವುದಿಲ್ಲ ಎಂಬ ಸಮರ್ಥನೆಯಿದೆ. ಒಪ್ಪೋಣ. ಆದರೆ ಅವರ ವಿವೇಚನೆ ಕಡತದಲ್ಲೇ ಉಳಿದು, ಅಂಗವೈಕಲ್ಯದ ಗುರುತಿನ ಕಾರ್ಡಿನ ಮೇಲೆ ಅಂಕೆಯಷ್ಟೇ ಏರುತ್ತದೆ. ಗಟ್ಟಿಯಾದ ಅಂಕೆ ಇಲ್ಲದಿದ್ದರೆ ಲಂಚ, ಶಿಫಾರಸು ನುಸುಳುತ್ತವೆ ಎಂಬ ಮಾತು ಇನ್ನೂ ತೂಕದ್ದು. ಹಾಗಾಗಿಯೇ ಆ ಅಂಕೆ ನಂಬುವಂತಿರಬೇಕು. ವಿದೇಶಿ ಪರೀಕ್ಷೆ ಕೊಂಡು ತಂದರೆ ದುಬಾರಿ ಬೆಲೆ ತೆತ್ತು ನಮ್ಮ ಮಕ್ಕಳನ್ನು ಬೇರೆಯವರ ಸಾಲಿನಲ್ಲಿ ನಿಲ್ಲಿಸಿದಂತಾಗುತ್ತದೆ, ಅಷ್ಟೇ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಎರಡೂ ನಮ್ಮ ನೆಲದಲ್ಲೇ ಇವೆ. ಕಾಮತರು ಅಂದು ಮಾಡಿದ್ದನ್ನು ರಾಯಚೂರು, ಕಾರವಾರ, ಚಾಮರಾಜನಗರದ ಮಕ್ಕಳೊಂದಿಗೆ ಮತ್ತೆ ಮಾಡಲು ಸರ್ಕಾರ ಹಣ ಕೊಡಲಿ. ಅಲ್ಲಿಯವರೆಗೆ, ಯಾವ ಪರೀಕ್ಷೆ, ಅದರ ಮಾನದಂಡ ಯಾವ ವರ್ಷದ್ದು, ಅಂಕ ಎಷ್ಟು ಆಚೀಚೆ ಆಗಬಹುದು ಎಂಬ ಮೂರನ್ನೂ ವರದಿಯಲ್ಲಿ ನಮೂದಿಸಲಿ. ನಮೂದಿಸದಿದ್ದರೆ ತಂದೆತಾಯಿಯರು ಕೇಳಿ ಬರೆಸಿಕೊಳ್ಳಬೇಕು.