ಪದಪಟ್ಟಿಯಿಂದ ಹೊರಗುಳಿದ ಪದ: ಇಂಗ್ಲಿಷ್ ಸಾಹಿತ್ಯಾಭ್ಯಾಸದಲ್ಲಿ ‘ಆನೆಸ್ಟ್’

ಇಂಗ್ಲಿಷ್ ಸಾಹಿತ್ಯದ ಉನ್ನತ ವ್ಯಾಸಂಗಕ್ಕೆ ಬೇಕಾದ ಶಬ್ದಸಂಪತ್ತು ಎಂದೊಡನೆ ಕಠಿಣ ಪದಗಳ ಪಟ್ಟಿಯೊಂದು ನೆನಪಿಗೆ ಬರುತ್ತದೆ. ಇಂತಹ ಪಟ್ಟಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಆವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ‘ಅಕಾಡೆಮಿಕ್ ವರ್ಡ್ ಲಿಸ್ಟ್’. ಸುಮಾರು 35 ಲಕ್ಷ ಪದಗಳ ಪಠ್ಯಸಂಚಯದಿಂದ ಆಯ್ದ ಈ 570 ಪದಕುಟುಂಬಗಳ ಉಪಯುಕ್ತತೆಯನ್ನು ನಾವು ಅಲ್ಲಗಳೆಯುವುದಿಲ್ಲ; ವಿಮರ್ಶಾಲೇಖನಗಳನ್ನು ಓದಲು ‘ಕಾಂಟೆಕ್ಸ್ಟ್’, ‘ಇಂಟರ್‌ಪ್ರೆಟ್’ ಮೊದಲಾದವು ಬೇಕೇ ಬೇಕು. ಕೃತಿಯನ್ನೇ ಓದುವುದು ಬೇರೆ ಮಾತು. ಆ ಸಂಚಯದ ಕಲಾವಿಭಾಗದಲ್ಲಿ ಇತಿಹಾಸ, ತತ್ತ್ವಶಾಸ್ತ್ರ, ಭಾಷಾವಿಜ್ಞಾನಗಳಿವೆ, ಸಾಹಿತ್ಯವಿಲ್ಲ. ಅದಕ್ಕಿಂತ ಗಮನಾರ್ಹವಾದುದು, ಮೈಕೆಲ್ ವೆಸ್ಟ್ ಅವರ 1953ರ ಪಟ್ಟಿಯ ಸುಮಾರು 2000 ಸಾಮಾನ್ಯ ಪದಗಳನ್ನು ಮೊದಲ ಹಂತದಲ್ಲೇ ಕೈಬಿಟ್ಟಿರುವುದು.

ತೊಡಕಿರುವುದು ಇಲ್ಲಿಯೇ. ವಿಲಿಯಂ ಎಂಪ್ಸನ್ ತಮ ‘ದಿ ಸ್ಟ್ರಕ್ಚರ್ ಆಫ್ ಕಾಂಪ್ಲೆಕ್ಸ್ ವರ್ಡ್ಸ್’ (1951) ಗ್ರಂಥದಲ್ಲಿ ಅಧ್ಯಾಯಗಟ್ಟಲೆ ಚರ್ಚಿಸಿದ್ದು ‘ಆನೆಸ್ಟ್’, ‘ಫೂಲ್’, ‘ಸೆನ್ಸ್’, ‘ಡಾಗ್’, ‘ಆಲ್’ ಎಂಬಂಥ, ಶಾಲಾಮಕ್ಕಳೂ ಬಲ್ಲ ಪದಗಳನ್ನು.

‘ಒಥೆಲೊ’ ನಾಟಕದಲ್ಲಿ ‘ಆನೆಸ್ಟ್’ ಮತ್ತು ಅದರ ನಾಮರೂಪ 50ಕ್ಕೂ ಹೆಚ್ಚು ಬಾರಿ ಬರುತ್ತವೆ. ಕನ್ನಡ ಬಲ್ಲ ವಿದ್ಯಾರ್ಥಿಯ ನಿಘಂಟು ‘ಪ್ರಾಮಾಣಿಕ’ ಎನ್ನುತ್ತದೆ. ಅಷ್ಟರಿಂದ ಇಯಾಗೊನನ್ನು ಕುರಿತ ವ್ಯಂಗ್ಯ ಹೊಳೆಯುತ್ತದೆ, ಓದು ಅಲ್ಲಿಗೇ ನಿಲ್ಲುತ್ತದೆ. ಮೇಲಿನವರು ಕೆಳಗಿನವನನ್ನು ಬೆನ್ನುತಟ್ಟಿ ಕರೆಯುವ ಧಾಟಿಯೂ ಆ ಕಾಲದಲ್ಲಿ ಈ ಪದಕ್ಕಿತ್ತು. ಹೆಣ್ಣಿನ ವಿಷಯದಲ್ಲಿ ಅದೇ ಪದ ಶೀಲವನ್ನು ಸೂಚಿಸುತ್ತಿತ್ತು. ಒಥೆಲೊ ತೂಗಬೇಕಾದದ್ದು ತನ್ನ ಅಧಿಕಾರಿಯ ಸತ್ಯ ಮತ್ತು ಹೆಂಡತಿಯ ಶೀಲ ಎರಡನ್ನೂ. ಅವನ ಭಾಷೆ ಎರಡಕ್ಕೂ ಒಂದೇ ಪದವನ್ನು ಕೊಟ್ಟಿದೆ. ‘ಪ್ರಾಮಾಣಿಕ’ ಎಂದು ಓದಿದವರಿಗೆ ಡೆಸ್ಡಿಮೋನಳ ಮೇಲಿನ ಆರೋಪವೇ ಅಸ್ಪಷ್ಟವಾಗುತ್ತದೆ.

ಕನ್ನಡದಲ್ಲಿ ಇದಕ್ಕೆ ಸಮೀಪದ ಪದವೊಂದಿದೆ, ನಿಘಂಟಿನ ಆ ನಮೂದಿನಲ್ಲಿ ಅದು ಸಿಗಲಾರದು ಅಷ್ಟೆ: ‘ಸಾಧು’. ‘ಪಾಪ, ಸಾಧು ಮನುಷ್ಯ’ ಎನ್ನುವಾಗ ಮೆಚ್ಚುಗೆಯೊಡನೆ ತುಸು ತಾತ್ಸಾರವೂ ಬೆರೆತಿರುತ್ತದೆ. ಹಸುವಿಗೂ ಅದೇ ವಿಶೇಷಣ ಸಲ್ಲುತ್ತದೆ. ಅದರ ಸ್ತ್ರೀರೂಪವಾದ ‘ಸಾಧ್ವಿ’ಯಾದರೋ ಪತಿವ್ರತೆ. (ವೈಯಾಕರಣರ ‘ಸಾಧುರೂಪ’ ಮತ್ತೊಂದು ಕವಲು, ನಾಟಕಕ್ಕೆ ಅದು ಬೇಡ.) ಗಂಡಿಗೊಂದು, ಹೆಣ್ಣಿಗೊಂದು ಎಂಬ ಈ ಅರ್ಥಭೇದವನ್ನು ಮಾತೃಭಾಷೆಯಲ್ಲಿ ಬಲ್ಲ ವಿದ್ಯಾರ್ಥಿಗೆ ‘ಆನೆಸ್ಟ್’ ಅಪರಿಚಿತವಾಗಬೇಕಿಲ್ಲ. ಎರಡೂ ಪೂರ್ಣ ಸಮಾನವೆಂದು ನಾವು ಹೇಳುತ್ತಿಲ್ಲ: ‘ಸಾಧು’ವಿನಲ್ಲಿ ಇಯಾಗೊನ ಒರಟು ನೇರನುಡಿ ಇಲ್ಲ, ಅದಕ್ಕೆ, ವ್ಯಂಗ್ಯವಾಗಿಯೇ ಹೆಚ್ಚು ಬಳಕೆಯಾಗುವ ‘ಸಾಚಾ’ ಹತ್ತಿರ.

ಸಮಾನಾರ್ಥಕ ಪದ ಬರೆಯಿರಿ ಎಂಬ ಪ್ರಶ್ನೆಯಿಂದ ಇಂತಹ ಜ್ಞಾನವನ್ನು ಅಳೆಯಲಾಗದು. ಅದರ ಬದಲು, ‘ಒಥೆಲೊ’ ಪಾಠದ ಮೊದಲ ವಾರದಲ್ಲೇ ಈ ಪದದ ಪ್ರಯೋಗಗಳನ್ನೆಲ್ಲ ಪಠ್ಯದಿಂದ ಆಯಿಸಿ, ಯಾರು ಯಾರನ್ನು ಕುರಿತು, ಯಾರ ಎದುರು ಹೇಳಿದರೆಂದು ಬರೆಸಬಹುದು. 1884ರಿಂದ ಕಂತುಗಳಲ್ಲಿ ಹೊರಬಂದ ಆಕ್ಸ್‌ಫರ್ಡ್ ನಿಘಂಟು ಅರ್ಥಗಳನ್ನು ಕಾಲಾನುಕ್ರಮದಲ್ಲಿ ಕೊಡುವುದರಿಂದ ಪ್ರತಿ ಪ್ರಯೋಗವನ್ನೂ ಅದರೊಡನೆ ಹೋಲಿಸಿ ನೋಡಬಹುದು. ‘ಸಾಧು’, ‘ಸಾಚಾ’, ‘ಸಾಧ್ವಿ’ ಇವುಗಳಲ್ಲಿ ಯಾವುದು ಎಲ್ಲಿ ಸಲ್ಲುತ್ತದೆ, ಎಲ್ಲಿ ಮೂರೂ ಸಲ್ಲುವುದಿಲ್ಲ ಎಂಬ ಚರ್ಚೆ ಅನಂತರದ್ದು.