ಇಬ್ಬರು ರಿಕ್ ರಾಸ್

ನಮ್ಮೂರಲ್ಲಿ ಯಾರಿಗಾದ್ರೂ ಜೈಲು ವಾರ್ಡರ್ ಕೆಲಸ ಸಿಕ್ಕಿದ್ರೆ ಬೀದಿಗೆಲ್ಲ ಸಿಹಿ ಹಂಚುತ್ತಾರೆ. ಗೌರ್ಮೆಂಟ್ ಕೆಲಸ, ಮೈಮೇಲೆ ಯೂನಿಫಾರ್ಮು, ತಿಂಗಳಾದ್ರೆ ಸಂಬಳ. ಹೆಣ್ಣು ಕೊಡೋರು ತಾವಾಗೇ ಮನೆ ಹುಡುಕಿಕೊಂಡು ಬರ್ತಾರೆ. ಅಂಥ ಕೆಲಸವನ್ನ ಅಮೆರಿಕದ ಒಬ್ಬ ರ‍್ಯಾಪರ್ ಏನೋ ಕದ್ದು ಸಿಕ್ಕಿಬಿದ್ದವನ ಹಾಗೆ ಬಚ್ಚಿಟ್ಟಿದ್ದ.

ರಿಕ್ ರಾಸ್. ಅಸಲಿ ಹೆಸರು ವಿಲಿಯಂ ರಾಬರ್ಟ್ಸ್, ಮಯಾಮಿ ಕಡೆಯವನು. ಕೊಕೇನ್ ಸಾಗಿಸಿ ಕೋಟಿ ಎಣಿಸಿದ ದೊರೆಯ ಪಾತ್ರದಲ್ಲಿ ಹಾಡ್ತಾನೆ. 2008ರಲ್ಲಿ 'ದ ಸ್ಮೋಕಿಂಗ್ ಗನ್' ಅನ್ನೋ ವೆಬ್‌ಸೈಟ್ ಅವನ ಹಳೇ ಫೋಟೋ ಹೊರಗೆ ಹಾಕ್ತು. ಮೈಮೇಲೆ ಜೈಲು ಅಧಿಕಾರಿಯ ಸಮವಸ್ತ್ರ! 90ರ ದಶಕದ ಮಧ್ಯದಲ್ಲಿ ಸುಮಾರು ಒಂದೂವರೆ ವರ್ಷ ಫ್ಲಾರಿಡಾದ ಜೈಲಿನಲ್ಲಿ ಕೆಲಸ ಮಾಡಿದ್ದ. ಮೊದಲು ಆ ಫೋಟೋನೇ ಸುಳ್ಳು ಅಂದ. ದಾಖಲೆಗಳು ಬಂದಮೇಲೆ ಒಪ್ಕೊಂಡ. ಎದುರಾಳಿ 50 ಸೆಂಟ್‌ಗೆ ಹಬ್ಬವೋ ಹಬ್ಬ. ಆದ್ರೆ 2009ರ ಏಪ್ರಿಲ್‌ನಲ್ಲಿ ಬಂದ 'ಡೀಪರ್ ದ್ಯಾನ್ ರ‍್ಯಾಪ್' ಬಿಲ್‌ಬೋರ್ಡ್ ಪಟ್ಟಿಯಲ್ಲಿ ನೇರ ಮೊದಲನೇ ಸ್ಥಾನಕ್ಕೇ ಹೋಯ್ತು. 'ಕೀಪ್ ಇಟ್ ರಿಯಲ್' ಅನ್ನೋದು ಧರ್ಮವಾಗಿದ್ದ ಲೋಕದಲ್ಲಿ ಸುಳ್ಳು ಸಿಕ್ಕಿಬಿದ್ದರೂ ಯಾರೂ ಕ್ಯಾರೇ ಅನ್ನಲಿಲ್ಲ.

ಈಗ ಇನ್ನೊಬ್ಬ. ಆ ಹೆಸರು ಯಾರಿಂದ ಬಂತೋ ಅವನು. ಲಾಸ್ ಏಂಜಲೀಸ್‌ನ 'ಫ್ರೀವೇ' ರಿಕ್ ರಾಸ್, 80ರ ದಶಕದಲ್ಲಿ ನಿಜವಾಗ್ಲೂ ಕ್ರ್ಯಾಕ್ ಮಾರಿ ಸಾಮ್ರಾಜ್ಯ ಕಟ್ಟಿದವನು. ಹೈಸ್ಕೂಲಲ್ಲಿ ಒಳ್ಳೇ ಟೆನಿಸ್ ಆಟಗಾರ. ಓದು ಬರೆಹ ಬರಲ್ಲ ಅಂತ ಕಾಲೇಜು ಕೈತಪ್ಪಿತು. ಆ ಕಾಲದ ಕಾನೂನೂ ಸ್ವಲ್ಪ ನೋಡಿ: 1986ರ ಕಾಯ್ದೆಯ ಪ್ರಕಾರ 5 ಗ್ರಾಂ ಕ್ರ್ಯಾಕ್‌ಗೂ 500 ಗ್ರಾಂ ಕೊಕೇನ್ ಪುಡಿಗೂ ಒಂದೇ ಕನಿಷ್ಠ ಶಿಕ್ಷೆ, ಐದು ವರ್ಷ. ಕ್ರ್ಯಾಕ್ ಕೇಸಲ್ಲಿ ಒಳಗೆ ಹೋದವರಲ್ಲಿ ಹೆಚ್ಚಿನವರು ಕಪ್ಪು ಜನ. 2010ರವರೆಗೂ ಇದು ಹೀಗೇ ನಡೀತು. ಈ ಲೆಕ್ಕ ಗೊತ್ತಿಲ್ಲದೆ ರ‍್ಯಾಪ್‌ನಲ್ಲಿ ಜೈಲು ಯಾಕೆ ಅಷ್ಟು ಸಲ ಬರುತ್ತೆ ಅಂತ ಕೇಳೋದು, ಬರ ಗೊತ್ತಿಲ್ಲದವನು ನಮ್ಮ ಜನಪದದಲ್ಲಿ ಮಳೆರಾಯ ಯಾಕೆ ಅಂತ ಕೇಳಿದ ಹಾಗೆ.

ಫ್ರೀವೇ ರಿಕ್ ಅಕ್ಷರ ಕಲಿತಿದ್ದು 28ನೇ ವಯಸ್ಸಿಗೆ, ಜೈಲಿನಲ್ಲಿ. 1996ರಲ್ಲಿ ಮೂರನೇ ಅಪರಾಧ ಅಂತ ಜೀವಾವಧಿ ಬಿತ್ತು. ಒಳಗಿದ್ದುಕೊಂಡೇ ಕಾನೂನು ಪುಸ್ತಕ ಓದಿದ. ಹಿಂದಿನ ಎರಡು ಶಿಕ್ಷೆಗಳನ್ನ ಒಂದೇ ಅಂತ ಎಣಿಸಬೇಕು, ಹಾಗಾಗಿ ಇದು ಮೂರನೆಯದಾಗಲ್ಲ ಅನ್ನೋ ತಪ್ಪನ್ನ ತಾನೇ ಹಿಡಿದ. ಶಿಕ್ಷೆ 20 ವರ್ಷಕ್ಕಿಳಿದು 2009ರಲ್ಲಿ ಹೊರಬಂದ. ಹೊರಗೆ ತನ್ನ ಹೆಸರು ಬೇರೆಯವನ ಬಾಯಲ್ಲಿ! ಕೇಸು ಹಾಕಿದ. 2013ರ ಕೊನೆಗೆ ಕ್ಯಾಲಿಫೋರ್ನಿಯಾದ ಮೇಲ್ಮನವಿ ಕೋರ್ಟು ರ‍್ಯಾಪರ್ ಪರ ನಿಂತಿತು. ಆ ಹೆಸರು ಬರೀ ಕಚ್ಚಾ ಸಾಮಗ್ರಿ, ಅದರಿಂದ ಮಾಡಿದ್ದು ಹೊಸ ಕಲೆ ಅನ್ನೋ ಅರ್ಥದ ತೀರ್ಪು.

ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ. ಹಾಡು ಅಫಿಡವಿಟ್ ಅಲ್ಲ. ಆದ್ರೆ ಅದೇ ದೇಶದ ಅಟ್ಲಾಂಟಾದಲ್ಲಿ ಯಂಗ್ ಥಗ್ ವಿಚಾರಣೆಯಲ್ಲಿ, 2023ರಲ್ಲಿ, ಹಾಡಿನ ಸಾಲುಗಳನ್ನ ಷರತ್ತಿನ ಮೇಲೆ ಸಾಕ್ಷಿಯಾಗಿ ಒಪ್ಪಿಕೊಂಡ್ರು. ಒಂದು ಕಡೆ ಕಲ್ಪನೆ ಅಂದು ಬಿಟ್ಟಿದ್ದನ್ನೇ ಇನ್ನೊಂದು ಕಡೆ ತಪ್ಪೊಪ್ಪಿಗೆ ಥರ ಓದಿದ್ರು.

ರಾಸ್ ಮೇಲೆ ನನ್ನ ತಕರಾರು ಬೇರೇನೇ. 'ಟೆಫ್ಲಾನ್ ಡಾನ್' ಬಂದ ವರ್ಷಗಳಲ್ಲಿ ನೈಟ್ ಶಿಫ್ಟ್ ಕ್ಯಾಬಲ್ಲಿ ಅವನನ್ನ ಎಷ್ಟು ಕೇಳಿದ್ದೀನೋ ಲೆಕ್ಕ ಇಲ್ಲ. ಆ ಗಡಸು ದನಿ, ಹಿಂದೆ ತೂಗುವ ವಾದ್ಯಗಳು, ಕಿಟಕಿಯಾಚೆ ಖಾಲಿ ಔಟರ್ ರಿಂಗ್ ರೋಡು. ಸಂಗೀತವಾಗಿ ಅದು ಇವತ್ತಿಗೂ ಭರ್ಜರಿ. ಆದ್ರೆ ಅಲ್ಲಿ ಯಾರಿಗೂ ನಿಜವಾದ ಭಯ ಇಲ್ಲ. 19-20 ವರ್ಷದ ಹುಡುಗ, ತನ್ನದೇ ಬಣ್ಣದ, ತನ್ನದೇ ವಯಸ್ಸಿನ ಹುಡುಗರನ್ನ ದಿನಾ ಕಂಬಿ ಹಿಂದೆ ನೋಡಿದ್ದಾನೆ. ಸಂಬಳಕ್ಕಾಗಿ ಅಲ್ಲಿ ನಿಂತಿದ್ದಾನೆ. ಅದಕ್ಕಿಂತ ದೊಡ್ಡ ಹಾಡು ಇನ್ನೇನು ಬೇಕು? ನಾನು ಕೇಳಿದ ಅವನ ಹಾಡುಗಳಲ್ಲಿ ಆ ವಾರ್ಡರ್ ಒಂದು ಪೂರ್ತಿ ಹಾಡಾಗಿ ಬಂದಿದ್ದೇ ಇಲ್ಲ. ಇನ್ನೊಬ್ಬನ ಬದುಕು ತಗೊಂಡಿದ್ದಕ್ಕೆ ನಂಗೆ ಸಿಟ್ಟಿಲ್ಲ, ತನ್ನದನ್ನ ಬಿಸಾಕಿದ್ದಕ್ಕೆ ಬೇಜಾರು.

ಹೇಳೋಕೆ ನಂಗೇನು ಯೋಗ್ಯತೆ ಅಂತೀರಾ? ಮೊದಲ ಕಂಪನಿಯಲ್ಲಿ ಊರು ಯಾವುದು ಅಂದ್ರೆ 'ಹಾಸನ' ಅಂತ ಮುಗಿಸ್ತಿದ್ದೆ, ಹಳ್ಳಿ ಹೆಸರು ಬಾಯಿಗೆ ಬರ್ತಿರಲಿಲ್ಲ. ಈಗ ಹಳ್ಳಿಗೆ ಬೆಲೆ ಬಂದಿದೆ. ಟೀಮ್ ಲಂಚಲ್ಲಿ ದನ ಮೇಯಿಸ್ಕೊಂಡು ಬೀದಿ ದೀಪದ ಕೆಳಗೆ ಓದಿದೆ ಅಂತ ಕಥೆ ಬಿಡ್ತೀನಿ. ಬೀದಿ ದೀಪ ನಮ್ಮೂರಲ್ಲಿ ಉರೀತಾನೇ ಇರಲಿಲ್ಲ. ದನ ಮೇಯಿಸ್ತಿದ್ದದ್ದು ನಮ್ಮಕ್ಕ, ಅದಕ್ಕೇ ಅವಳ ಓದು ಏಳನೇ ಕ್ಲಾಸಿಗೆ ನಿಂತಿದ್ದು. ನನ್ನ ಕಥೆಯಲ್ಲಿ ಅವಳು ಇಲ್ಲ.

ಫ್ರೀವೇ ರಿಕ್ ಆಮೇಲೆ ಶಾಲೆಗಳಿಗೆ ಹೋಗಿ ಮಕ್ಕಳ ಹತ್ರ ಮಾತಾಡ್ತಾ ಇದ್ದಾನೆ. ಜೊತೆಗೆ ಟಿ-ಶರ್ಟ್ ಮಾರಿದ, ಎದೆ ಮೇಲೆ ಅಸಲಿ ರಿಕ್ ರಾಸ್ ರ‍್ಯಾಪರ್ ಅಲ್ಲ ಅನ್ನೋ ಬರಹ. ಹೆಸರು ಹಾಕಿ ಗೂಗಲ್ ಮಾಡಿದ್ರೆ ಈಗ್ಲೂ ಮೊದಲು ಬರೋದು ಮಾತ್ರ ಗಡ್ಡದ ರ‍್ಯಾಪರ್ರೇ.