‘ಹುಚ್ಚು’ ಶಬ್ದದ ಅರ್ಥ ಮತ್ತು ಪ್ರಯೋಗ

ಇಂಗ್ಲಿಷಿನ ‘ಇನ್‌ಸ್ಯಾನಿಟಿ’ ಎಂಬುದಕ್ಕೆ ಕನ್ನಡದಲ್ಲಿ ಹುಚ್ಚು, ಮರುಳು, ಉನ್ಮಾದ, ಬುದ್ಧಿಭ್ರಮಣೆ ಮುಂತಾದ ಹಲವು ಪ್ರತಿಶಬ್ದಗಳು ಬಳಕೆಯಲ್ಲಿವೆ. ಇವುಗಳಲ್ಲಿ ಯಾವುದು ಗ್ರಾಹ್ಯವೆಂಬ ಚರ್ಚೆ ಸಾಮಾನ್ಯವಾಗಿ ಬಿಡಿ ನಾಮಪದಗಳ ಗುಣದೋಷ ವಿಚಾರದಲ್ಲಿಯೇ ಮುಗಿದುಹೋಗುತ್ತದೆ. ಶಬ್ದವು ಯಾವ ಕ್ರಿಯಾಪದದೊಡನೆ ಕೂಡುತ್ತದೆಂಬುದನ್ನು ನೋಡದೆ ಅದರ ಅರ್ಥವನ್ನು ನಿರ್ಣಯಿಸಲಾಗದೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ನಂಜನಗೂಡು, ತಿ. ನರಸೀಪುರ ಸೀಮೆಯ ಜನಜೀವನದಿಂದಲೂ ಕೆಲವು ನಿದರ್ಶನಗಳನ್ನು ಆರಿಸಿಕೊಂಡಿದೆ.

‘ಉನ್ಮಾದ’ವು ವೈದ್ಯಶಾಸ್ತ್ರದ ಪರಿಭಾಷೆ, ಚರಕಸಂಹಿತೆಯು ಅದರಲ್ಲಿ ಐದು ಭೇದಗಳನ್ನು ಹೇಳುತ್ತದೆ. ‘ಮರುಳ್’ ಎಂಬುದು ಹಳಗನ್ನಡದಲ್ಲಿ ಪಿಶಾಚಿಯನ್ನೂ ಬುದ್ಧಿಗೆಟ್ಟವನನ್ನೂ ಸೂಚಿಸುತ್ತದೆ. ರಣರಂಗದ ಮರುಳೊಂದು ದುರ್ಯೋಧನನನ್ನು ಹಂಗಿಸುವಾಗ ರನ್ನನು ಗದಾಯುದ್ಧದಲ್ಲಿ ಈ ಎರಡರ್ಥಗಳನ್ನು ಸಮರ್ಥವಾಗಿ ದುಡಿಸಿಕೊಂಡಿದ್ದಾನೆ. ‘ಹುಚ್ಚು’ ಶಬ್ದದ ವ್ಯಾಪ್ತಿ ಇವೆರಡಕ್ಕಿಂತಲೂ ಹಿರಿದು. ದಡ ಮೀರಿದ ಕಪಿಲೆ ಹುಚ್ಚುಹೊಳೆ. ರಾಗಿಯ ಹೊಲದ ಸಾಲಿನಲ್ಲಿ ಬೆಳೆಯುವ, ಎಳ್ಳನ್ನು ಹೋಲಿಯೂ ಎಳ್ಳಲ್ಲದ ಧಾನ್ಯ ಹುಚ್ಚೆಳ್ಳು. ಕೆಟ್ಟ ದೃಷ್ಟಿ ತಾಗದಿರಲೆಂದು ಹೆತ್ತವರು ಮುದ್ದಿನ ಮಗುವಿಗೆ ಹುಚ್ಚಪ್ಪ, ಹುಚ್ಚಮ್ಮ ಎಂದು ಹೆಸರಿಟ್ಟದ್ದೂ ಉಂಟು. ಆದುದರಿಂದ ಈ ಶಬ್ದದಲ್ಲಿಯೇ ನಿಂದೆ ಅಡಗಿದೆಯೆಂಬ ಮಾತು ನಿಲ್ಲುವಂಥದಲ್ಲ.

ನಿಂದೆ ಹುಟ್ಟುವುದು ಬೇರೆಡೆಯಲ್ಲಿ. ‘ಅವನಿಗೆ ಹುಚ್ಚು ಹಿಡಿದಿದೆ’ ಎಂಬ ವಾಕ್ಯದಲ್ಲಿ ಕರ್ತೃ ಹುಚ್ಚೇ ಹೊರತು ಮನುಷ್ಯನಲ್ಲ. ಅವನು ಚತುರ್ಥಿಯಲ್ಲಿ ಬೇರೆಯಾಗಿಯೇ ಉಳಿಯುತ್ತಾನೆ. ‘ಹಿಡಿ’ ಎಂಬುದಕ್ಕೆ ‘ಬಿಡು’ ಎಂಬ ಜೋಡಿಯಿದೆ. ಗ್ರಹಣ ಹಿಡಿದು ಬಿಡುತ್ತದೆ, ಸೂರ್ಯನು ಸೂರ್ಯನಾಗಿಯೇ ಇರುತ್ತಾನೆ. ರೋಗಹರನೆಂದು ಪ್ರಸಿದ್ಧನಾದ ನಂಜುಂಡೇಶ್ವರನ ಸನ್ನಿಧಿಯಲ್ಲಿ ಉರುಳುಸೇವೆಯ ಹರಕೆ ಹೊರುವವರ ನಂಬಿಕೆಯೂ ಇದೇ: ಬಂದದ್ದು ಹೋಗಬಹುದು. ಆದರೆ ‘ಅವನು ಹುಚ್ಚ’, ‘ಅವಳು ಹುಚ್ಚಿ’ ಎಂದೊಡನೆ ಲಿಂಗಪ್ರತ್ಯಯವು ವ್ಯಾಧಿಯನ್ನೂ ವ್ಯಕ್ತಿಯನ್ನೂ ಒಂದಾಗಿ ಬೆಸೆಯುತ್ತದೆ. ಅಲ್ಲಿ ಬಿಡುವುದಕ್ಕೆ ಏನೂ ಉಳಿಯುವುದಿಲ್ಲ.

‘ಹಿಡಿ’ ಎಂಬ ಕ್ರಿಯಾಪದವು ದೆವ್ವ ಹಿಡಿಯುವ ಕಲ್ಪನೆಗೆ ಎಡೆಗೊಟ್ಟು, ರೋಗಿಯನ್ನು ವೈದ್ಯನ ಬದಲು ಮಂತ್ರವಾದಿಯ ಬಳಿಗೆ ಕಳುಹಿಸುತ್ತದೆಂದು ಆಕ್ಷೇಪಿಸಬಹುದು. ಈ ಆಕ್ಷೇಪ ಅಲ್ಪವಾದುದಲ್ಲ. ಆದರೆ ಕಬ್ಬಿಣಕ್ಕೆ ತುಕ್ಕು ಹಿಡಿಯಿತು, ಮಳೆ ಹಿಡಿಯಿತು ಎನ್ನುವವರು ಯಾವ ಭೂತವನ್ನೂ ನೆನೆಯುವುದಿಲ್ಲ. ದೋಷ ನಂಬಿಕೆಯದು, ವ್ಯಾಕರಣದ್ದಲ್ಲ. ‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂಬ ಗಾದೆಗೂ ಇದೇ ಗತಿ ಬಂದಿದೆ. ಬಿಡಿಸಲಾಗದ ಕಗ್ಗಂಟನ್ನು ಹೇಳುವ ಗಾದೆಯ ಉತ್ತರಾರ್ಧವನ್ನು ಮಾತ್ರ ಚಿಕಿತ್ಸಾವಿಧಿಯೆಂದು ಭಾವಿಸಿ ರೋಗಿಗೆ ಮದುವೆ ಮಾಡಿದರೆ ಎರಡು ಬಾಳುಗಳು ಕೆಡುತ್ತವೆ.

ಕಾನೂನಿನ ಭಾಷೆಯೂ ಈ ಭೇದದ ಕಡೆಗೆ ನಿಧಾನವಾಗಿ ಸಾಗಿಬಂದಿದೆ. ಬ್ರಿಟಿಷರ ಕಾಲದ 1912ರ ಕಾಯಿದೆ ‘ಲುನ್ಯಾಟಿಕ್’ ಎಂಬ ಶಬ್ದವನ್ನು ಬಳಸಿತು. 1987ರ ಕಾಯಿದೆ ಅದನ್ನು ಕೈಬಿಟ್ಟಿತು. 2017ರ ಮಾನಸಿಕ ಆರೋಗ್ಯಪಾಲನೆ ಕಾಯಿದೆ ‘ಮಾನಸಿಕ ಕಾಯಿಲೆಯುಳ್ಳ ವ್ಯಕ್ತಿ’ ಎನ್ನುತ್ತದೆ. ಕಾಯಿಲೆ ಇದೆಯೆಂದ ಮಾತ್ರಕ್ಕೆ, ಸಮರ್ಥ ನ್ಯಾಯಾಲಯವು ಹಾಗೆ ಘೋಷಿಸದ ಹೊರತು, ಒಬ್ಬನನ್ನು ಅಸ್ವಸ್ಥಚಿತ್ತನೆಂದು ಎಣಿಸಲಾಗದೆಂದೂ ಅದು ವಿಧಿಸಿದೆ. ವ್ಯಕ್ತಿ ಬೇರೆ, ವ್ಯಾಧಿ ಬೇರೆ ಎಂಬ ಈ ವಿವೇಕವನ್ನು ‘ಹುಚ್ಚು ಹಿಡಿದವನು’ ಎಂಬ ಹಳೆಯ ನುಡಿ ಮೊದಲೇ ಒಳಗೊಂಡಿತ್ತು.

ನಾಮಪದವನ್ನು ಮಾತ್ರ ಬದಲಿಸಿದರೆ ಸಾಲದೆಂಬುದಕ್ಕೆ ಬೆಂಗಳೂರಿನ ಉದಾಹರಣೆಯೇ ಸಾಕು. ಅಲ್ಲಿಯ ‘ಲುನ್ಯಾಟಿಕ್ ಅಸೈಲಂ’ 1925ರಲ್ಲಿ ‘ಮೆಂಟಲ್ ಹಾಸ್ಪಿಟಲ್’ ಎಂಬ ಗೌರವದ ಹೆಸರನ್ನು ಪಡೆಯಿತು; 1974ರಲ್ಲಿ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸೇರಿತು. ಅಂದಿನ ಗೌರವದ ‘ಮೆಂಟಲ್’ ಇಂದು ಕನ್ನಡಿಗರ ಬಾಯಲ್ಲಿ ಬೈಗುಳವಾಗಿದೆ. ‘ಅವನು ಮೆಂಟಲ್’ ಎಂಬಲ್ಲಿ ಶಬ್ದ ಹೊಸದಾದರೂ ವಾಕ್ಯರಚನೆ ‘ಅವನು ಹುಚ್ಚ’ ಎಂಬುದರದೇ.

ತಿ. ನರಸೀಪುರದ ಗುಂಜಾನರಸಿಂಹನ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ಐತಿಹ್ಯವಿದೆ. ‘ಹುಚ್ಚ’ ಎಂಬುದಕ್ಕೂ ‘ಹುಚ್ಚು ಹಿಡಿದವನು’ ಎಂಬುದಕ್ಕೂ ಇರುವ ಅಂತರ ಅಷ್ಟೇ ಅಲ್ಪವೆಂದು ತೋರಬಹುದು. ಗುಣಹೊಂದಿ ಮನೆಗೆ ಮರಳುವವನಿಗೆ ಊರಿನಲ್ಲಿ ಎಡೆಯುಂಟೇ ಇಲ್ಲವೇ ಎಂಬುದನ್ನು ಆ ಗುಲಗಂಜಿಯೇ ನಿರ್ಧರಿಸುತ್ತದೆ. ನಿಘಂಟುಕಾರರೂ ಭಾಷಾಂತರಕಾರರೂ ಪ್ರತಿಶಬ್ದದೊಡನೆ ಅದರ ಪ್ರಯೋಗವನ್ನೂ ನಮೂದಿಸುವುದು ಅವಶ್ಯಕ.